ಎರಡು ನಿಮಿಷದ ಗೋಧಿ



ಮಕ್ಕಳ ಕೈಯಲ್ಲಿರುವ ಮೊಬೈಲಿನ ವಿರುದ್ಧ ನಮ್ಮವರು ಸಾಕಷ್ಟು ಮಾತನಾಡಿದ್ದಾರೆ, ಸಾಕಷ್ಟು ಬರೆದಿದ್ದಾರೆ. ಇಂದಿನ ಬರಹದ ಉದ್ದೇಶ ಅದಲ್ಲ. ಬೀದರ್ ನಗರದಲ್ಲಾಗಲಿ, ಭಾಲ್ಕಿ, ಔರಾದ್ ಕಡೆಯ ಹಳ್ಳಿಗಳಲ್ಲಾಗಲಿ ಕುಟುಂಬ ಸಂದರ್ಶನಕ್ಕೆ ಹೋದಾಗ ತಂದೆತಾಯಿಯರು ಈಚೆಗೆ ಹೊಸದೊಂದು ಪ್ರಶ್ನೆಯನ್ನು ಮುಂದಿಡುತ್ತಿದ್ದಾರೆ. "ಬಂದೂಕಿನ ಆಟ ಬಿಡಿಸಿದೆವು ಫಾದರ್. ಈಗ ಬೇಸಾಯದ ಆಟ, ಮನೆ ಕಟ್ಟುವ ಆಟ ಆಡುತ್ತಾನೆ. ಇದಕ್ಕೆ ಅಡ್ಡಿಯಿಲ್ಲವಲ್ಲ?" ಎಂಬುದೇ ಆ ಪ್ರಶ್ನೆ. ಕೇಳುವವರ ಮುಖದಲ್ಲಿ ಅರ್ಧ ಸಮಾಧಾನ, ಅರ್ಧ ಸಂಶಯ ಇರುತ್ತದೆ. ಆ ಅರ್ಧ ಸಂಶಯ ಸಕಾರಣವಾದದ್ದೆಂದು ನನ್ನ ಭಾವನೆ.

ಮೊದಲಿಗೆ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಆಟವೆಂಬುದು ಪಾಪವೂ ಅಲ್ಲ, ಕಾಲಹರಣವೂ ಅಲ್ಲ. ಹದಿಮೂರನೆಯ ಶತಮಾನದಲ್ಲಿಯೇ ಸಂತ ತೋಮಸ್ ಅಕ್ವಿನಾಸರು ತಮ್ಮ ಮಹಾಗ್ರಂಥದಲ್ಲಿ ಆಟವಾಡುವುದರಲ್ಲಿ ಸದ್ಗುಣವಿರಲು ಸಾಧ್ಯವೇ ಎಂಬ ಪ್ರಶ್ನೆಯನ್ನೆತ್ತಿಕೊಂಡು, ಸಾಧ್ಯವೆಂದೇ ಉತ್ತರಿಸಿದ್ದಾರೆ. ದುಡಿದ ದೇಹಕ್ಕೆ ನಿದ್ರೆ ಹೇಗೋ ದಣಿದ ಮನಸ್ಸಿಗೆ ಆಟ ಹಾಗೆ ಎಂಬುದು ಅವರ ವಾದ. ಸದಾ ಬಿಗಿದಿಟ್ಟ ಬಿಲ್ಲು ಮುರಿದುಹೋಗುತ್ತದೆಂಬ ಹಳೆಯ ಸನ್ಯಾಸಿಗಳ ದೃಷ್ಟಾಂತವನ್ನೂ ಅವರು ಅಲ್ಲಿ ಎತ್ತಿ ಹೇಳುತ್ತಾರೆ. ಅವರು ವಿಧಿಸಿದ ಎಚ್ಚರಿಕೆಗಳು ಮೂರೇ: ಆಟದಲ್ಲಿ ಅಸಭ್ಯತೆ, ಹಿಂಸೆ ಇರಕೂಡದು, ಮನಸ್ಸಿನ ಸಮತೋಲ ಪೂರ್ಣವಾಗಿ ಕದಡಿಹೋಗಕೂಡದು, ವ್ಯಕ್ತಿಗೆ, ಸಮಯಕ್ಕೆ, ಸ್ಥಳಕ್ಕೆ ಅದು ಹೊಂದುವಂತಿರಬೇಕು. ನಮ್ಮ ತಂದೆತಾಯಿಯರು ಮೊದಲನೆಯ ಎಚ್ಚರಿಕೆಯನ್ನು ಚೆನ್ನಾಗಿಯೇ ಪಾಲಿಸಿದ್ದಾರೆ, ಬಂದೂಕನ್ನು ಬಿಡಿಸಿದ್ದಾರೆ. ಉಳಿದ ಎರಡನ್ನು ಪರೀಕ್ಷಿಸಿ ನೋಡಿದವರು ಕಡಿಮೆ.

ಬೇಸಾಯದ ಆಟ, ಕಟ್ಟಡದ ಆಟ ನಮಗೇನೂ ಪರದೇಶದ ವಸ್ತುಗಳಲ್ಲ. ಮಣ್ಣೆತ್ತಿನ ಅಮಾವಾಸ್ಯೆಯಂದು ಈ ಭಾಗದ ಮಕ್ಕಳು ಎರೆಮಣ್ಣು ಕಲಸಿ ಜೋಡೆತ್ತು ಮಾಡುವುದನ್ನು, ಆ ಎತ್ತಿನ ಮುಂದೆ ಗೋದಲಿ ಇಡುವುದನ್ನು ಯಾರು ಕಂಡಿಲ್ಲ? ಒದ್ದೆ ಮರಳಿನಲ್ಲಿ ಪಾದ ಹುಗಿದು, ಮೇಲೆ ತಟ್ಟಿ, ಮೆಲ್ಲನೆ ಕಾಲೆಳೆದು ಗುಬ್ಬಿಗೂಡು ಕಟ್ಟದೆ ಬೆಳೆದವರು ನಮ್ಮ ತಲೆಮಾರಿನಲ್ಲಿ ಯಾರೂ ಇರಲಾರರು. ಇನ್ನು ನಮ್ಮ ಮನೆಗಳಲ್ಲಿ ಕ್ರಿಸ್ತಜಯಂತಿಗೆ ಕಟ್ಟುವ ಗೋದಲಿ! 1223ರಲ್ಲಿ ಇಟಲಿಯ ಗ್ರೆಚ್ಚಿಯೊ ಎಂಬ ಊರಿನಲ್ಲಿ ಸಂತ ಫ್ರಾನ್ಸಿಸರು ಹುಲ್ಲು, ಎತ್ತು, ಕತ್ತೆಗಳನ್ನಿಟ್ಟು ಬೆತ್ಲೆಹೇಮನ್ನು ಕಣ್ಣೆದುರಿಗೆ ತಂದರು. ಅಂದಿನಿಂದ ನಮ್ಮ ಮಕ್ಕಳಿಗೆ ವರ್ಷಕ್ಕೊಮ್ಮೆ ಊರು ಕಟ್ಟುವ, ಕೊಟ್ಟಿಗೆ ಕಟ್ಟುವ, ಹಸಿರು ಬೆಳೆಯುವ ಆಟ ಒದಗಿಬಂದಿದೆ. ಆದ್ದರಿಂದ ಮೊಬೈಲಿನಲ್ಲಿ ಹೊಲ ಉಳುವ ಹುಡುಗನನ್ನು ಕಂಡು ಗಾಬರಿಯಾಗಬೇಕಿಲ್ಲ. ಅವನ ಕೈ ಹುಡುಕುತ್ತಿರುವುದು ಹಳೆಯದನ್ನೇ.

ಈ ಆಟಗಳ ಪರಿಚಯವಿಲ್ಲದ ಹಿರಿಯರಿಗಾಗಿ ನಾಲ್ಕು ಮಾತು ಹೇಳುತ್ತೇನೆ. 1989ರಲ್ಲಿ ಅಮೆರಿಕದ ವಿಲ್ ರೈಟ್ ಎಂಬಾತ ಸಿಮ್‌ಸಿಟಿ ಎಂಬ ಆಟವನ್ನು ಹೊರತಂದ. ಅದರಲ್ಲಿ ಶತ್ರುವಿಲ್ಲ, ಗೆಲುವೂ ಇಲ್ಲ. ರಸ್ತೆ, ವಿದ್ಯುತ್ತು, ತೆರಿಗೆ ಇವುಗಳನ್ನು ಸರಿದೂಗಿಸಿ ನಗರವೊಂದನ್ನು ಬೆಳೆಸುವುದಷ್ಟೇ ಕೆಲಸ. 1996ರಲ್ಲಿ ಜಪಾನಿನ ಯಾಸುಹಿರೊ ವಾಡಾ ಎಂಬಾತ ಹಾರ್ವೆಸ್ಟ್ ಮೂನ್ ಎಂಬ ಬೇಸಾಯದ ಆಟವನ್ನು ರಚಿಸಿದ. ಹಳ್ಳಿಗಾಡಿನಲ್ಲಿ ಬೆಳೆದು ಉದ್ಯೋಗಕ್ಕಾಗಿ ಟೋಕಿಯೊ ಸೇರಿದ್ದ ಆತನಿಗೆ ಬಿಟ್ಟುಬಂದ ಊರಿನ ಹಂಬಲವೇ ಆ ಆಟದ ಮೂಲವಾಯಿತು. ಹೈದರಾಬಾದಿಗೆ, ಪುಣೆಗೆ ಮಕ್ಕಳನ್ನು ಕಳುಹಿಸಿಕೊಟ್ಟಿರುವ ನಮ್ಮ ಜಿಲ್ಲೆಯವರಿಗೆ ಈ ಹಂಬಲವನ್ನು ವಿವರಿಸಬೇಕಾಗಿಲ್ಲ. ಅದೇ ಆಟದಿಂದ ಪ್ರೇರಣೆ ಪಡೆದು ಎರಿಕ್ ಬರೋನ್ ಎಂಬ ಅಮೆರಿಕದ ತರುಣ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಬ್ಬಂಟಿಯಾಗಿ ದುಡಿದು, ಚಿತ್ರ, ಸಂಗೀತ, ಕಥೆ ಎಲ್ಲವನ್ನೂ ತಾನೇ ಮಾಡಿ, 2016ರಲ್ಲಿ ಸ್ಟಾರ್‌ಡ್ಯೂ ವ್ಯಾಲಿ ಎಂಬ ಆಟವನ್ನು ಪ್ರಕಟಿಸಿದ. ದೊಡ್ಡ ಕಂಪನಿಯೊಂದರ ಕಚೇರಿಯಲ್ಲಿ ಬೇಸತ್ತ ನೌಕರನು ಅಜ್ಜ ಬಿಟ್ಟುಹೋದ ಹೊಲಕ್ಕೆ ಮರಳುವುದು ಅದರ ಕಥೆ. ಚೌಕ ಚೌಕ ಇಟ್ಟಿಗೆಗಳಿಂದ ಏನನ್ನಾದರೂ ಕಟ್ಟಬಹುದಾದ ಮೈನ್‌ಕ್ರಾಫ್ಟ್ ಆಟವನ್ನಂತೂ ನಿಮ್ಮ ಮಕ್ಕಳೇ ನಿಮಗೆ ತೋರಿಸಬಲ್ಲರು.

ಇಲ್ಲಿಯವರೆಗೆ ಎಲ್ಲವೂ ಸರಿಯೇ. ಹಾಗಾದರೆ ಸಂಶಯ ಎಲ್ಲಿಂದ ಹುಟ್ಟಿತು?

ಭಾಲ್ಕಿ ಕಡೆಯ ರೈತರೊಬ್ಬರು ತಮ್ಮ ಮಗನನ್ನು ಎದುರಿಗೆ ನಿಲ್ಲಿಸಿಕೊಂಡೇ ದೂರಿದರು: "ಹೊಲಕ್ಕ ಬಾ ಅಂದ್ರ ಬರಂಗಿಲ್ಲ ಫಾದರ್. ಮೊಬೈಲ್‌ನ್ಯಾಗ ಮಾತ್ರ ದಿನಕ್ಕ ಹತ್ತು ಸಲ ರಾಶಿ ಮಾಡ್ತಾನ." ಹುಡುಗ ಒಂಬತ್ತನೆಯ ತರಗತಿಯವನು. ತಲೆ ತಗ್ಗಿಸಿಯೇ ಉತ್ತರ ಕೊಟ್ಟ: "ಅದ್ರಾಗ ಬಿತ್ತಿದ್ದು ಬರ್ತದ ಫಾದರ್."

ಆ ಮಾತಿಗೆ ತಂದೆಯ ಬಳಿ ಉತ್ತರವಿರಲಿಲ್ಲ. 2025ರ ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳ ಅತಿವೃಷ್ಟಿಯನ್ನು ಭಾಲ್ಕಿ, ಔರಾದಿನವರು ಮರೆತಿಲ್ಲ. ಕೊಯ್ಲಿಗೆ ಬಂದ ಹೆಸರು, ಉದ್ದು ಹೊಲದಲ್ಲಿಯೇ ಕೊಳೆತವು. ಮಾಂಜ್ರಾ ತೀರದ ಸೋಯಾ ನೀರಿನಲ್ಲಿ ನಿಂತಿತು. ತೊಗರಿಯದೂ ಅದೇ ಪಾಡು. ಜೂನಿನಲ್ಲಿ ಬಿತ್ತಿದರೆ ಡಿಸೆಂಬರಿನ ಆಚೀಚೆ ಕೈಗೆ ಬರಬೇಕು. ನಡುವೆ ಹೂವಾಡುವ ಹೊತ್ತಿಗೆ ಮೋಡ ಕವಿದರೆ ಹೂವು ಉದುರುತ್ತದೆ, ಉಳಿದ ಕಾಯಿಗೆ ಕಾಯಿಕೊರಕ ಬೀಳುತ್ತದೆ. ಬೀಜ, ಗೊಬ್ಬರ, ಔಷಧಗಳಿಗೆ ತಂದ ಸಾಲ ಮಾತ್ರ ಯಾವ ಹವಾಮಾನಕ್ಕೂ ಉದುರುವುದಿಲ್ಲ. ಇದೆಲ್ಲವನ್ನೂ ಆ ಹುಡುಗ ಹುಟ್ಟಿದಂದಿನಿಂದ ನೋಡುತ್ತಾ ಬಂದಿದ್ದಾನೆ. ಅವನಿಗೆ ಬೇಸಾಯ ಬೇಡವಾಗಿಲ್ಲ. ತನ್ನ ತಂದೆಗೆ ಸಲ್ಲಬೇಕಾಗಿದ್ದ, ಆದರೆ ಎಂದೂ ಸಲ್ಲದ ಬೇಸಾಯವೊಂದನ್ನು ಅವನು ಬೆರಳ ತುದಿಯಲ್ಲಿ ಮಾಡಿ ನೋಡುತ್ತಿದ್ದಾನೆ. ಅಲ್ಲಿ ದುಡಿಮೆಗೆ ಫಲವುಂಟು, ಬೆಲೆ ನಿಶ್ಚಿತ, ದಲ್ಲಾಳಿಯ ಕಾಟವಿಲ್ಲ. ಇದನ್ನು ಸೋಮಾರಿತನವೆಂದು ಕರೆಯುವವರು ಹುಡುಗನನ್ನೂ ಅರಿತಿಲ್ಲ, ಹೊಲವನ್ನೂ ಅರಿತಿಲ್ಲ. ಆ ತಂದೆಗೆ ನಾನು ಹೇಳಿದ್ದು ಇಷ್ಟೇ: ಮಗನನ್ನು ಬಯ್ಯುವ ಮೊದಲು ಅವನ ಪಕ್ಕದಲ್ಲಿ ಕುಳಿತು ಒಂದು ದಿನ ಆ ಆಟವನ್ನು ನೋಡಿರಿ, ಯಾವುದು ಸುಳ್ಳು, ಯಾವುದು ನಿಜ ಎಂದು ಅವನಿಗೆ ಹೇಳಬಲ್ಲ ಮನುಷ್ಯ ನೀವೇ.

ಹಾಗೆ ಪಕ್ಕದಲ್ಲಿ ಕುಳಿತು ನೋಡಿದಾಗ ಎಲ್ಲ ಬೇಸಾಯದ ಆಟಗಳೂ ಒಂದೇ ಜಾತಿಯವಲ್ಲವೆಂಬುದು ತಿಳಿದುಬರುತ್ತದೆ. ವ್ಯತ್ಯಾಸವಿರುವುದು ಚಿತ್ರದಲ್ಲಲ್ಲ, ಬಣ್ಣದಲ್ಲಲ್ಲ, ಕಾಯುವಿಕೆಯಲ್ಲಿ.

ಹೊಲವೆಂದರೆ ಕಾಯುವಿಕೆ. ಮಳೆಗಾಗಿ, ಹದಕ್ಕಾಗಿ, ಮೊಳಕೆಗಾಗಿ ಕಾಯುವುದು. ಸೋಯಾಕ್ಕೆ ಸುಮಾರು ನೂರು ದಿನ ಬೇಕು. ಆಟದಲ್ಲಿ ನೂರು ದಿನ ಕಾಯಲಾಗದು, ನಿಜ, ಕಾಲವನ್ನು ಸಂಕ್ಷೇಪಿಸಲೇಬೇಕು. ಸ್ಟಾರ್‌ಡ್ಯೂ ವ್ಯಾಲಿಯಲ್ಲಿ ಋತುವೊಂದಕ್ಕೆ 28 ದಿನ. ಆ ಒಂದು ದಿನವೆಂದರೆ ನಮ್ಮ ಗಡಿಯಾರದಲ್ಲಿ ಹೆಚ್ಚುಕಡಿಮೆ ಕಾಲು ಗಂಟೆ. ಸಂಜೆಯಾಗುತ್ತದೆ, ರೈತ ಮನೆಗೆ ಹೋಗಿ ಮಲಗಬೇಕು. ಮಲಗದೆ ಅಲೆದಾಡಿದರೆ ರಾತ್ರಿ ಎರಡು ಗಂಟೆಗೆ ಕುಸಿದು ಬೀಳುತ್ತಾನೆ. ಹಣ ತೆತ್ತು ಬೆಳೆಯನ್ನು ಬೇಗ ಬೆಳೆಸುವ ವ್ಯವಸ್ಥೆ ಅದರಲ್ಲಿಲ್ಲ. ಒಮ್ಮೆ ಕೊಂಡರೆ ಮುಗಿಯಿತು, ಮತ್ತೆ ಅದು ನಿಮ್ಮ ಕಿಸೆಗೆ ಕೈ ಹಾಕುವುದಿಲ್ಲ.

ಇನ್ನೊಂದು ಜಾತಿಯದನ್ನು ನೋಡಿರಿ. ಫಿನ್ಲೆಂಡಿನ ಕಂಪನಿಯೊಂದು 2012ರಲ್ಲಿ ಹೊರತಂದ ಹೇ ಡೇ ಎಂಬ ಆಟ ಬಲು ಚೆಂದದ್ದು. ಆಡಲು ದುಡ್ಡು ಕೊಡಬೇಕಿಲ್ಲ. ಅದರಲ್ಲಿ ಗೋಧಿ ಎರಡೇ ನಿಮಿಷಕ್ಕೆ ಬೆಳೆಯುತ್ತದೆ. ಮುಂದೆ ಮುಂದೆ ಹೋದಂತೆ ಬೆಳೆಗಳಿಗೂ ಕಟ್ಟಡಗಳಿಗೂ ಗಂಟೆಗಟ್ಟಲೆ, ದಿನಗಟ್ಟಲೆ ಕಾಯಬೇಕಾಗುತ್ತದೆ. ಕಾಯಲಾರದವರಿಗಾಗಿ ವಜ್ರಗಳೆಂಬ ಒಂದು ನಾಣ್ಯವುಂಟು. ಅದು ಮುಗಿದರೆ ನಿಜವಾದ ರೂಪಾಯಿ ಕೊಟ್ಟು ಕೊಳ್ಳಬಹುದು. ಅಂದರೆ ಅಲ್ಲಿ ಮಾರಾಟಕ್ಕಿರುವುದು ಗೋಧಿಯಲ್ಲ. ಮೊದಲು ತಾನೇ ಕಾಯಿಸಿ ಅನಂತರ ಆ ಕಾಯುವಿಕೆಯಿಂದ ಬಿಡುಗಡೆಯನ್ನು ಮಾರುವ ವ್ಯಾಪಾರವದು. 2025ರಲ್ಲಿ ರೋಬ್ಲಾಕ್ಸ್ ಎಂಬ ವೇದಿಕೆಯಲ್ಲಿ ಗ್ರೋ ಎ ಗಾರ್ಡನ್ ಎಂಬ ತೋಟದ ಆಟ ಬಂದಿತು. ಅದೇ ವರ್ಷದ ಜೂನಿನಲ್ಲಿ ಏಕಕಾಲಕ್ಕೆ 2 ಕೋಟಿಗೂ ಹೆಚ್ಚು ಜನ ಅದನ್ನು ಆಡಿದ ದಾಖಲೆಯಿದೆ. ಅದರ ಬೀಜದ ಅಂಗಡಿಯಲ್ಲಿ ಐದೈದು ನಿಮಿಷಕ್ಕೊಮ್ಮೆ ಹೊಸ ಸರಕು ಬರುತ್ತದೆ. ಅಪರೂಪದ ಬೀಜ ಈ ಸಲ ಬರದಿದ್ದರೆ ಮುಂದಿನ ಐದು ನಿಮಿಷಕ್ಕೆ ಬಂದೀತು! ಹನ್ನೆರಡು ವರ್ಷದ ಬಾಲಕನೊಬ್ಬ ಪುಸ್ತಕದ ಮುಂದೆ ಕುಳಿತು ಐದೈದು ನಿಮಿಷಕ್ಕೊಮ್ಮೆ ಏಕೆ ಚಡಪಡಿಸುತ್ತಾನೆಂಬುದು ಈಗ ಅರ್ಥವಾಗಬೇಕು. 2009ರಲ್ಲಿ ಬಂದ ಫಾರ್ಮ್‌ವಿಲ್‌ನಲ್ಲಿ ಹೊತ್ತಿಗೆ ಸರಿಯಾಗಿ ಬಾರದಿದ್ದರೆ ಬೆಳೆ ಒಣಗಿಹೋಗುತ್ತಿತ್ತು. ಕೋಟ್ಯಂತರ ಜನ ಎಚ್ಚರವಿದ್ದು ಕಾಯ್ದ ಆ ಮೂಲ ಆಟವನ್ನು 2020ರ ಡಿಸೆಂಬರ್ 31ರಂದು ಕಂಪನಿ ಮುಚ್ಚಿಬಿಟ್ಟಿತು. ಅಷ್ಟೂ ಹೊಲಗಳಿಗೆ ಒಡೆಯ ಒಬ್ಬನೇ ಆಗಿದ್ದನೆಂದು ಅಂದು ತಿಳಿಯಿತು. ಉಳುವವನೇ ಹೊಲದೊಡೆಯನೆಂಬ ಕಾನೂನಿಗೆ ಹೆಸರಾದ ರಾಜ್ಯ ನಮ್ಮದು. ಈ ಪರಿಯ ಗೇಣಿದಾರಿಕೆ ನಮ್ಮ ಮಕ್ಕಳಿಗೆ ಬೇಕೇ?

ಡಚ್ ಇತಿಹಾಸಕಾರ ಯೋಹಾನ್ ಹೌಝಿಂಗ ಆಟದ ಕುರಿತು 1938ರಲ್ಲಿ ಪ್ರಕಟಿಸಿದ ಪ್ರಸಿದ್ಧ ಗ್ರಂಥವನ್ನು ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ ನಾವು ಚರ್ಚಿಸಿದ್ದುಂಟು. ಆಟಕ್ಕೆ ತನ್ನದೇ ಸ್ಥಳ, ತನ್ನದೇ ಕಾಲ, ಆರಂಭ ಮತ್ತು ಅಂತ್ಯ ಇರುತ್ತವೆ. ಆ ಗೆರೆಯೇ ಆಟವನ್ನು ಜೀವನದ ಉಳಿದ ವ್ಯವಹಾರಗಳಿಂದ ಬೇರ್ಪಡಿಸುತ್ತದೆ ಎಂಬುದು ಅವರ ವಿಚಾರಗಳಲ್ಲೊಂದು. ಈ ಅಳತೆಗೋಲಿನಿಂದ ಅಳೆದರೆ ಊಟದ ಹೊತ್ತಿಗೂ ಕರೆಯುವ, ಪೂಜೆಯ ನಡುವೆಯೂ ಕಿಸೆಯಲ್ಲಿ ಗುಂಯ್‌ಗುಡುವ ಬೇಸಾಯವು ಆಟವೆನಿಸಿಕೊಳ್ಳಲಾರದು. ಅದು ಸಂಬಳವಿಲ್ಲದ ಚಾಕರಿ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ ರೋಗಗಳ ಪಟ್ಟಿಯಲ್ಲಿ ಆಟದ ವ್ಯಸನಕ್ಕೂ ಸ್ಥಾನ ಕೊಟ್ಟಿದೆ. ಆದರೆ ಅಲ್ಲಿಯ ಲಕ್ಷಣಗಳು ಕಠಿಣವಾದವು: ಹತೋಟಿ ತಪ್ಪಬೇಕು, ಉಳಿದೆಲ್ಲ ಕೆಲಸಗಳಿಗಿಂತ ಆಟವೇ ಮೇಲಾಗಬೇಕು, ಹಾನಿಯಾದರೂ ಬಿಡದಂತಾಗಬೇಕು, ಅದೂ ಸಾಮಾನ್ಯವಾಗಿ ವರ್ಷದ ಮಟ್ಟಿಗೆ. ಒಂದು ಗಂಟೆ ಆಡಿದ ಹುಡುಗನಿಗೆ ಆ ಹೆಸರಿಟ್ಟು ಹೆದರಿಸಬಾರದು.

ಹಾಗಾದರೆ ಆಯ್ಕೆ ಹೇಗೆ? ಆಟವನ್ನು ಒಮ್ಮೆಗೇ ಬೆಲೆ ಕೊಟ್ಟು ಕೊಳ್ಳುವಂತಿದ್ದರೆ ಒಳ್ಳೆಯದು. "ಉಚಿತ" ಎಂಬ ಮಾತು ಕೇಳಿದೊಡನೆ ನಮ್ಮವರು ಹಿಗ್ಗುತ್ತಾರೆ. ಈ ಪೇಟೆಯಲ್ಲಿ ಉಚಿತವಾದದ್ದೇ ಹೆಚ್ಚು ದುಬಾರಿಯಾದೀತು. ನಮ್ಮ ಹಳ್ಳಿಗಳಲ್ಲಿ ಮಗನ ಕೈಯಲ್ಲಿರುವುದು ತಂದೆಯ ಮೊಬೈಲು. ಬೆಳೆಸಾಲದ ಸಂದೇಶ ಬರುವುದೂ ಅದಕ್ಕೇ, ಹಣ ಹೋಗುವುದೂ ಅದರಿಂದಲೇ. ಇಂಟರ್ನೆಟ್ ಇಲ್ಲದೆಯೂ ನಡೆಯುವ ಆಟ ಇನ್ನೂ ಮೇಲು. ಅಪರಿಚಿತರ ಮಾತುಕತೆಗೆ ಅಲ್ಲಿ ಬಾಗಿಲಿಲ್ಲ. ಮೈನ್‌ಕ್ರಾಫ್ಟ್ ಆದರೂ ಒಬ್ಬನೇ ಅಥವಾ ಮನೆಯ ಮಕ್ಕಳೊಂದಿಗೆ ಆಡುವುದು ಬೇರೆ, ಗೊತ್ತಿಲ್ಲದವರ ಗುಂಪಿಗೆ ಸೇರುವುದು ಬೇರೆ. ನಾನು ಹೊಗಳಿದ ಸ್ಟಾರ್‌ಡ್ಯೂ ವ್ಯಾಲಿಯಲ್ಲಿಯೂ ಸಾರಾಯಿ ಅಂಗಡಿಯೊಂದಿದೆ, ಜೂಜಿನ ಕಟ್ಟೆಯೂ ಇದೆ; ಚಿಕ್ಕ ಮಕ್ಕಳ ತಂದೆತಾಯಿಯರು ತಿಳಿದಿರಲಿ. (ಊರೆಂದ ಮೇಲೆ ಇವೆರಡೂ ಇರಬೇಕೆಂದು ಆ ತರುಣನಿಗೂ ಅನ್ನಿಸಿತೇನೋ!) 2025ರ ಆಗಸ್ಟಿನಲ್ಲಿ ಕೇಂದ್ರ ಸರಕಾರ ತಂದ ಆನ್‌ಲೈನ್ ಆಟಗಳ ಕಾಯಿದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿತು, ಅದು ಸ್ವಾಗತಾರ್ಹ. ಆದರೆ ವಜ್ರ ಮಾರುವ ತೋಟಗಳು ಆ ನಿಷೇಧದೊಳಗೆ ಬರುವುದಿಲ್ಲ. ಅಲ್ಲಿ ಕಾವಲು ಕಾಯಬೇಕಾದವರು ಮನೆಯವರೇ.

ಕಟ್ಟುವ ಆಟಗಳ ಬಗ್ಗೆ ನನ್ನ ಆಕ್ಷೇಪಣೆ ಬೇರೆಯದು, ಪ್ರಶಂಸೆಯೂ ಬೇರೆಯದು. ಊರೆಂದರೆ ಬರಿಯ ಕಟ್ಟಡಗಳಲ್ಲ, ಚರಂಡಿ, ನೀರು, ತೆರಿಗೆ, ಕಸ ಎಂಬುದನ್ನು ಸಿಮ್‌ಸಿಟಿಯಂಥ ಆಟ ಕಲಿಸಿದಷ್ಟು ಚೆನ್ನಾಗಿ ನಮ್ಮ ಪೌರನೀತಿಯ ಪಾಠ ಕಲಿಸುವುದಿಲ್ಲ. ವಿಶ್ವಸಂಸ್ಥೆಯ ವಸತಿ ವಿಭಾಗವು 2012ರಿಂದ ಮೈನ್‌ಕ್ರಾಫ್ಟ್ ತಯಾರಕರೊಡಗೂಡಿ, ಬಡ ಬಡಾವಣೆಗಳ ನಿವಾಸಿಗಳಿಂದಲೇ ಅವರ ಮೈದಾನ, ಬೀದಿಗಳ ನಕ್ಷೆಗಳನ್ನು ಆ ಆಟದಲ್ಲಿ ಕಟ್ಟಿಸಿ ನೋಡುವ ಕಾರ್ಯಕ್ರಮ ನಡೆಸಿಕೊಂಡು ಬಂದಿದೆ. ಆದರೆ ಈ ಆಟಗಳಲ್ಲಿ ಆಡುವವನು ಸದಾ ಆಕಾಶದಲ್ಲಿರುತ್ತಾನೆ. ಯಾರೂ ಆರಿಸದ ಮೇಯರ್ ಆತ. ಒಂದು ಗುಂಡಿ ಒತ್ತಿದರೆ ಓಣಿಯೊಂದು ನೆಲಸಮವಾಗುತ್ತದೆ. ಅಲ್ಲಿದ್ದವರು ಎಲ್ಲಿಗೆ ಹೋದರೆಂದು ಕೇಳುವವರಿಲ್ಲ.

ಇದಕ್ಕೆ ಪ್ರತಿಯಾಗಿ ತೋರಿಸಲು ಬೀದರಿನವರಾದ ನಮ್ಮಲ್ಲಿ ಜಗತ್ತೇ ಬಂದು ನೋಡುವ ವಸ್ತುವೊಂದಿದೆ. ಹದಿನೈದನೆಯ ಶತಮಾನದಲ್ಲಿ ಬಹಮನಿ ಅರಸರು ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ ಕಾಲದಲ್ಲಿ ಪರ್ಷಿಯಾದ ವಿಧಾನದಂತೆ ತೋಡಿಸಿದ ಕರೇಜ್, ಅಂದರೆ ನಮ್ಮವರ ಮಾತಿನ ಸುರಂಗ ಬಾವಿ, ನೌಬಾದಿನಲ್ಲಿದೆ. ಮೇಲಿನ ಜಂಬಿಟ್ಟಿಗೆ ಕಲ್ಲಿನಲ್ಲಿ ಇಂಗಿದ ಮಳೆನೀರು ಕೆಳಗಿನ ಕರಿಗಲ್ಲನ್ನು ತಲುಪಿ ನಿಲ್ಲುತ್ತದೆ. ಆ ಸಂಧಿಯನ್ನು ಗುರುತಿಸಿ, ಕಂಡೂ ಕಾಣದಷ್ಟು ಇಳಿಜಾರಿನಲ್ಲಿ ಸುರಂಗ ಕೊರೆದು, ಅಲ್ಲಲ್ಲಿ ಮಣ್ಣೆತ್ತಲೂ ಗಾಳಿಯಾಡಲೂ ಬಾವಿಗಳನ್ನು ಇಳಿಸಿದರು. ಪಂಪು ಬೇಡ, ಎತ್ತು ಬೇಡ. ನೀರು ತಾನಾಗಿ ಹರಿಯಿತು. ಶತಮಾನಗಳ ಹೂಳನ್ನು ಈಚಿನ ವರ್ಷಗಳಲ್ಲಿ ತೆಗೆಯಿಸಲಾಯಿತು. ಮೈನ್‌ಕ್ರಾಫ್ಟ್‌ನಲ್ಲಿ ಸುರಂಗ ತೋಡುವ ಹುಡುಗನನ್ನು ಒಂದು ಭಾನುವಾರ ಪೂಜೆ ಮುಗಿಸಿಕೊಂಡು ಅಲ್ಲಿಗೆ ಕರೆದೊಯ್ಯಿರಿ. ಇಳಿಜಾರನ್ನು ಹೇಗೆ ಅಳೆದಿರಬಹುದು, ಕತ್ತಲಲ್ಲಿ ದಾರಿ ತಪ್ಪದೆ ಹೇಗೆ ಕೊರೆದಿರಬಹುದು ಎಂದು ಅವನೇ ಕೇಳುತ್ತಾನೆ. ಆಟ ಆಡದ ಹುಡುಗನಿಗಿಂತ ಹೆಚ್ಚು ಪ್ರಶ್ನೆ ಕೇಳುತ್ತಾನೆಂದು ನಾನು ನಂಬಿದ್ದೇನೆ.

ಇನ್ನೊಂದು ಮಾತನ್ನು ಹೇಳದಿದ್ದರೆ ಅನ್ಯಾಯವಾದೀತು. ಔರಾದ್ ಕಡೆಯ ಎಷ್ಟೋ ಮನೆಗಳಲ್ಲಿ ಇರುವುದು ಒಂದೇ ಮೊಬೈಲು. ಸಂಜೆ ಅದು ಗಂಡುಮಗುವಿನ ಕೈಗೆ ಹೋಗುತ್ತದೆ. ಅದೇ ಮನೆಯ ಹೆಣ್ಣುಮಗಳು ತಾಯಿಯೊಂದಿಗೆ ಸದೆ ತೆಗೆಯಲು ಹೊಲಕ್ಕೆ ಹೋಗಿಬಂದಿರುತ್ತಾಳೆ, ಅನಂತರ ರೊಟ್ಟಿಗೆ ಹಿಟ್ಟು ನಾದುತ್ತಾಳೆ. ನಿಜವಾದ ಬೇಸಾಯ ಅವಳ ಪಾಲಿಗೆ, ಆಟದ ಬೇಸಾಯ ಅವನ ಪಾಲಿಗೆ! ಯಾವ ಆಟ ಒಳ್ಳೆಯದೆಂದು ನಿರ್ಣಯಿಸುವ ಮೊದಲು ಆಡುವ ಸರದಿ ಯಾರದೆಂಬುದನ್ನು ಆ ತಂದೆತಾಯಿಯರು ನಿರ್ಣಯಿಸಲಿ. ದಣಿದ ಮನಸ್ಸಿಗೆ ಆಟ ಬೇಕೆಂದ ಸಂತ ತೋಮಸರ ಮಾತು ಅವಳಿಗೂ ಅನ್ವಯಿಸುತ್ತದೆ.

ಮುಂಬರುವ ದಿನಗಳಲ್ಲಿ ನಮಗೆ ಎರಡು ಅವಕಾಶಗಳಿವೆ. ಎಳ್ಳಮಾವಾಸ್ಯೆಯಂದು ಈ ಜಿಲ್ಲೆಯ ಜನ ಬಂಡಿ ಕಟ್ಟಿಕೊಂಡು, ಈಗ ಟ್ರ್ಯಾಕ್ಟರು, ಜೀಪುಗಳಲ್ಲಿ, ಹೊಲಕ್ಕೆ ಹೋಗುತ್ತಾರೆ. ಭಜ್ಜಿ, ರೊಟ್ಟಿ, ಅಂಬಲಿ ಕಟ್ಟಿಕೊಂಡು ನೆರೆಹೊರೆಯವರನ್ನೂ ಕರೆಯುತ್ತಾರೆ. ಕರೆದಾಗ ನಮ್ಮ ನಗರದ ಕುಟುಂಬಗಳು ಮಕ್ಕಳನ್ನು ಕರೆದುಕೊಂಡು ಹೋಗಲಿ. ಕಡಲೆ, ಜೋಳ ಆ ಹೊತ್ತಿಗೆ ಹೊಲದಲ್ಲಿ ನಿಂತಿರುತ್ತವೆ.

ಎರಡನೆಯದು ಗೋದಲಿ. ಈ ವರ್ಷ ದೇವಾಲಯದ ಗೋದಲಿಯ ನಕ್ಷೆಯನ್ನು ಮೊಬೈಲಿನಲ್ಲಿ ಊರು ಕಟ್ಟಿ ಪಳಗಿದ ಹುಡುಗ ಹುಡುಗಿಯರಿಗೇ ವಹಿಸಬೇಕೆಂದಿದ್ದೇನೆ. ಅಂಗಡಿಯ ಪ್ಲಾಸ್ಟಿಕ್ ಹುಲ್ಲು ಬೇಡ. ಹಂಗೇರಿ, ಕ್ರೊವೇಷಿಯಾ ದೇಶಗಳ ಕಥೋಲಿಕರು ಡಿಸೆಂಬರ್ 13ರಂದು, ಸಂತ ಲೂಸಿಯ ಹಬ್ಬದ ದಿನ, ತಟ್ಟೆಯಲ್ಲಿ ಗೋಧಿ ಬಿತ್ತುತ್ತಾರೆ. ಕ್ರಿಸ್ತಜಯಂತಿಯ ಹೊತ್ತಿಗೆ ಅದು ಗೇಣುದ್ದ ಹಸಿರಾಗಿ ನಿಂತಿರುತ್ತದೆ. ನಮ್ಮಲ್ಲಿ ಗೋಧಿಯೂ ಆದೀತು, ಜೋಳವೂ ಆದೀತು. ಹಿಂದಿನ ರಾತ್ರಿ ಕಾಳನ್ನು ನೆನೆಹಾಕಿ, ತಳದಲ್ಲಿ ತೂತಿರುವ ತಟ್ಟೆಯಲ್ಲಿ ಎರಡು ಬೆರಳು ಮಣ್ಣು ಹರಡಿ ಬಿತ್ತಿರಿ. ಮೊದಲ ಮೂರು ದಿನ ಏನೂ ಕಾಣಿಸುವುದಿಲ್ಲ. ದಿನಕ್ಕೊಮ್ಮೆ ನೀರು ಚಿಮುಕಿಸುವ ಕೆಲಸ ಮಕ್ಕಳದೇ ಆಗಿರಲಿ. ತಟ್ಟೆಗಳನ್ನು ಡಿಸೆಂಬರ್ 23ರ ಸಂಜೆ ದೇವಾಲಯಕ್ಕೆ ತಂದು ಕೊಡಬೇಕು.